ಡಾಕ್ಟರೋ ಸೊನ್ನೆನೂರೋ: ಮೋಸೆಲ್ ದಂಡೆಯ ಎರಡು ಗುಡ್ಡ, ನನ್ನ ಒಂದು ಜೇಬು

ಡಾಕ್ಟರ್, ಸೊನ್ನೆನೂರ್: ಎರಡೂ ಜರ್ಮನಿಯ ಗುಡ್ಡದ ದ್ರಾಕ್ಷಿತೋಟಗಳು, ಅವುಗಳ ವೈನ್‌ಗೂ ಅದೇ ಹೆಸರು. ಗೆದ್ದದ್ದು ಸೊನ್ನೆನೂರ್. ಮೊದಲೇ ಹೇಳಿಬಿಟ್ಟರೆ ಒಳ್ಳೆಯದು, ಯಾಕೆಂದರೆ ಮುಂದೆ ಡಾಕ್ಟರ್ ಬಗ್ಗೆ ಬರೆಯುವಾಗ ನನ್ನ ಹೊಟ್ಟೆಯುರಿ ಅಲ್ಲಲ್ಲಿ ಇಣುಕುತ್ತದೆ. ಒಂದು ಬಾಟಲಿಗೆ 54 ಯೂರೋ ತೆತ್ತವನ ಹೊಟ್ಟೆಯುರಿ ಅದು.

ಫ್ರಾಂಕ್‌ಫರ್ಟ್‌ನಲ್ಲಿ ಕೆಲಸ ಮಾಡುವ ನಮ್ಮವರು ಒಮ್ಮೆಯಾದರೂ ಮೋಸೆಲ್ ನದಿ ನೋಡಿ ಬಂದಿರುತ್ತಾರೆ. ಬರ್ನ್‌ಕಾಸ್ಟೆಲ್ ಪಟ್ಟಣದಲ್ಲಿ ನಿಂತು ತಲೆಯೆತ್ತಿದರೆ ಮನೆಗಳ ಚಾವಣಿಯ ಹಿಂದೆಯೇ ಗೋಡೆಯಂತೆ ಏಳುವ ದ್ರಾಕ್ಷಿತೋಟವೇ ಬರ್ನ್‌ಕಾಸ್ಟೆಲರ್ ಡಾಕ್ಟರ್. ಅಲ್ಲಿಂದ ನದಿ ಹರಿಯುವ ದಿಕ್ಕಿಗೆ ನಾಲ್ಕೈದು ಕಿಲೋಮೀಟರ್ ಹೋದರೆ ವೇಲೆನ್ ಎಂಬ ಹಳ್ಳಿ, ಅದರ ಎದುರು ದಂಡೆಯ ಗುಡ್ಡವೇ ವೇಲೆನರ್ ಸೊನ್ನೆನೂರ್. ಜರ್ಮನ್ನರು ಆ ಸಕಾರವನ್ನು ಜಕಾರದ ಹತ್ತಿರ ಉಚ್ಚರಿಸುತ್ತಾರೆ, ಅರ್ಥ ‘ಸೂರ್ಯ ಗಡಿಯಾರ’. ನನ್ನ ಕಿವಿಗೆ ಮೊದಲ ದಿನದಿಂದಲೂ ಅದು ಸೊನ್ನೆ ಮತ್ತು ನೂರು. ಹೆಸರು ಎಷ್ಟು ಸರಿಯಾಗಿತ್ತು ಎನ್ನುವುದು ಆಮೇಲೆ ತಿಳಿಯಿತು.

ಎರಡೂ ಗುಡ್ಡದಲ್ಲಿ ಬೆಳೆಯುವುದು ರೀಸ್ಲಿಂಗ್ ದ್ರಾಕ್ಷಿ. ಎರಡರ ಮಣ್ಣೂ, ಅದನ್ನು ಮಣ್ಣು ಎನ್ನುವುದಾದರೆ, ಸುಮಾರು 40 ಕೋಟಿ ವರ್ಷ ಹಳೆಯ ಸ್ಲೇಟ್ ಕಲ್ಲಿನ ಚೂರು. ನಾವು ಶಾಲೆಯಲ್ಲಿ ಅಆಇಈ ಬರೆದ ಅದೇ ಸ್ಲೇಟ್. ಹಗಲೆಲ್ಲ ಬಿಸಿಲು ಕುಡಿದು ರಾತ್ರಿ ಅದನ್ನು ಬಳ್ಳಿಗೆ ವಾಪಸ್ಸು ಕೊಡುತ್ತದೆ. ಇಷ್ಟು ಉತ್ತರದ ಚಳಿ ನಾಡಿನಲ್ಲಿ ದ್ರಾಕ್ಷಿ ಹಣ್ಣಾಗುವುದು ಈ ಕಲ್ಲು, ನೈಋತ್ಯಕ್ಕೆ ಮುಖ ಮಾಡಿದ ಇಳಿಜಾರು, ಕೆಳಗಿನ ನದಿ ಮೂರೂ ಸೇರಿದ್ದರಿಂದ. ಇಳಿಜಾರು ಎಂಥದ್ದೆಂದರೆ, ಕಾಫಿ ತೋಟದಲ್ಲಿ ಬೆಳೆದ ನಾನೇ ಅಲ್ಲಿ ಕೈಯೂರಿ ಹತ್ತಿದೆ. ಟ್ರ್ಯಾಕ್ಟರ್ ಮಾತೇ ಇಲ್ಲ. ಒಂದೊಂದು ಬಳ್ಳಿಗೂ ಒಂದೊಂದು ಗೂಟ, ಎಲ್ಲವೂ ಕೈಕೆಲಸ. ಮಳೆಗೆ ಜಾರಿ ಬಂದ ಕಲ್ಲನ್ನು ಹಿಂದೆ ಬೆನ್ನ ಮೇಲೆ ಹೊತ್ತು ಮೇಲಕ್ಕೆ ಸೇರಿಸುತ್ತಿದ್ದರಂತೆ. ಬಾಟಲಿಯ ಬೆಲೆ ನೋಡಿ ಗೊಣಗುವಾಗ ಇದನ್ನು ನೆನಪಿಸಿಕೊಳ್ಳುತ್ತೇನೆ, ಗೊಣಗು ಅರ್ಧ ಕಡಿಮೆಯಾಗುತ್ತದೆ.

ಡಾಕ್ಟರ್‌ನ ಬೆಲೆಗೆ ಮಾತ್ರ ಕಡಿಮೆಯಾಗುವುದಿಲ್ಲ. ಆ ತೋಟ ಇರುವುದೇ 3.26 ಹೆಕ್ಟೇರ್, ನಮ್ಮ ಲೆಕ್ಕದಲ್ಲಿ ಎಂಟು ಎಕರೆ. ಅದರಲ್ಲೂ ಪಾಲುದಾರರು ಹಲವರು. ಹೆಸರಿನ ಕಥೆ ಊರಿನಲ್ಲಿ ಎಲ್ಲರೂ ಹೇಳುತ್ತಾರೆ: 14ನೆಯ ಶತಮಾನದಲ್ಲಿ ಟ್ರಿಯರ್‌ನ ಆರ್ಚ್‌ಬಿಷಪ್ ಎರಡನೆಯ ಬೋಮುಂಡ್ ಮೇಲಿನ ಲಾಂಡ್ಸ್‌ಹುಟ್ ಕೋಟೆಯಲ್ಲಿ ಜ್ವರದಿಂದ ಮಲಗಿದ್ದಾಗ ವೈದ್ಯರೆಲ್ಲ ಕೈಚೆಲ್ಲಿದರಂತೆ, ಈ ಗುಡ್ಡದ ವೈನ್ ಕುಡಿದು ಎದ್ದು ಕೂತನಂತೆ, ‘ನಿಜವಾದ ಡಾಕ್ಟರ್ ಇವನೇ’ ಎಂದನಂತೆ. ಅಂತೆ. 1900ರಲ್ಲಿ ಕೊಬ್ಲೆಂಜ್‌ನ ಡೈನ್‌ಹಾರ್ಡ್ ಮನೆತನ ಇಲ್ಲಿನ ಒಂದು ಪಾಲನ್ನು ಬಳ್ಳಿಯೊಂದಕ್ಕೆ 100 ಚಿನ್ನದ ಮಾರ್ಕ್‌ನಂತೆ ಕೊಂಡಿತು ಎಂದೂ ಹೇಳುತ್ತಾರೆ. ಬಳ್ಳಿ ಎಣಿಸಿ ದುಡ್ಡು ಕೊಟ್ಟ ಜಾಗದಲ್ಲಿ ನಾನು ರಿಯಾಯಿತಿ ಕೇಳಿದ್ದು ನನ್ನದೇ ತಪ್ಪು.

ಸೊನ್ನೆನೂರ್‌ಗೆ ಇಂಥ ಜ್ವರದ ಕಥೆ ಇಲ್ಲ. 1842ರಲ್ಲಿ ಯೊಡೋಕುಸ್ ಪ್ರೂಮ್ ಎಂಬಾತ ತೋಟದ ನಡುವಿನ ಬಂಡೆಯ ಮೇಲೆ ಒಂದು ಸೂರ್ಯ ಗಡಿಯಾರ ಕಟ್ಟಿಸಿದ, ಕೆಲಸದವರಿಗೆ ಹೊತ್ತು ತಿಳಿಯಲಿ ಎಂದು. ಅದರಿಂದಲೇ ತೋಟಕ್ಕೆ ಹೆಸರು. 1911ರಲ್ಲಿ ಆ ಮನೆತನದ ಆಸ್ತಿ ಏಳು ಪಾಲಾಯಿತು, ಅದಕ್ಕೇ ಇವತ್ತಿಗೂ ಅಂಗಡಿಯಲ್ಲಿ ನಾಲ್ಕೈದು ಲೇಬಲ್‌ನ ಮೇಲೆ ಪ್ರೂಮ್ ಎಂದೇ ಇರುತ್ತದೆ. ಪ್ರೂಮ್ ಜೊತೆಗಿರುವ ಇನಿಷಿಯಲ್ ನೋಡಿ ಕೊಳ್ಳಬೇಕು. ಸೆಪ್ಟೆಂಬರ್ ಕೊನೆಯಲ್ಲಿ ನಾನು ಹೋದಾಗ ಫೋನಿನಲ್ಲಿ ನಾಲ್ಕು ಗಂಟೆ, ಬಂಡೆಯ ಮೇಲಿನ ನೆರಳು ಎರಡೂವರೆ ತೋರಿಸುತ್ತಿತ್ತು. ಕೆಟ್ಟಿದೆ ಅಂದುಕೊಂಡೆ. ಕೆಟ್ಟಿಲ್ಲ, ಅದು ಆ ಗುಡ್ಡದ ಸ್ವಂತ ಸೂರ್ಯನ ಹೊತ್ತು. ಒಂದೂವರೆ ಗಂಟೆ ಮುಂದೆ ಓಡುತ್ತಿರುವುದು ಸರ್ಕಾರದ ಬೇಸಿಗೆ ಸಮಯ.

ಈಗ ನನ್ನ ತಲೆ ಕೆಡಿಸಿದ ವಿಷಯಕ್ಕೆ ಬರುತ್ತೇನೆ.

ಅಂಗಡಿಯಿಂದ ತಂದದ್ದು 2021ರ ಸೊನ್ನೆನೂರ್ ಕಾಬಿನೆಟ್ ಆರು ಬಾಟಲಿ, ಒಂದಕ್ಕೆ 26 ಯೂರೋ. 2018ರ ಡಾಕ್ಟರ್ ಷ್ಪೇಟ್‌ಲೇಸ ಒಂದೇ ಒಂದು. (ಕಾಬಿನೆಟ್ ಎಂದರೆ ಹಗುರ ಬಗೆಯದು, ಷ್ಪೇಟ್‌ಲೇಸ ಎಂದರೆ ಇನ್ನಷ್ಟು ಮಾಗಿದ ಹಣ್ಣಿನದು. 2018 ಬಿಸಿಲಿನ ವರ್ಷ, 2021 ತಂಪಿನದು. ತಕ್ಕಡಿ ಸರಿಯಿಲ್ಲ, ಗೊತ್ತು.) ಮೊದಲ ಸೊನ್ನೆನೂರ್ ತೆರೆದ ಕೂಡಲೇ ಮೂಗಿಗೆ ಬಡಿದದ್ದು ಬೆಂಕಿಕಡ್ಡಿ ಗೀರಿದ ವಾಸನೆ. ಗೀರಿದ್ದು ಒಂದಲ್ಲ, ಪೊಟ್ಟಣವೇ. ಅದರ ಹಿಂದೆ ಕೊಳೆತ ಮೊಟ್ಟೆಯ ಸಣ್ಣ ಎಳೆ. ದೀಪಾವಳಿಯ ಮರುದಿನ ಬೆಳಗ್ಗೆ ಅಂಗಳ ಗುಡಿಸುವಾಗ ಬರುತ್ತದಲ್ಲ, ಒದ್ದೆ ಪಟಾಕಿ ಕಾಗದದ ವಾಸನೆ, ಅದೇ. ಹೆಂಡತಿ ಅಡುಗೆಮನೆಯಿಂದಲೇ ‘ಗ್ಯಾಸ್ ಆಫ್ ಮಾಡಿದ್ದೀರಾ?’ ಎಂದಳು. ನಮ್ಮನೆಯಲ್ಲಿರುವುದು ಕರೆಂಟ್ ಒಲೆ.

ಇನ್ನೂ ಐದು ಬಾಟಲಿ. ಲೆಕ್ಕ ಹಾಕಿದೆ, 130 ಯೂರೋ ಪಟಾಕಿ ಕಸ. ಆ ದಿನದ ಅಂಕ: ಸೊನ್ನೆ.

ಅಂಗಡಿಗೆ ಫೋನ್ ಮಾಡಿದರೆ ಆ ಕಡೆಯವರು ನಕ್ಕರು. ಹಾಳಾಗಿಲ್ಲ, ಎಳೆಯದು ಅಷ್ಟೆ, ಐದು ವರ್ಷ ಬಿಡಿ ಎಂದರು. ಕೊಳ್ಳುವಾಗ ಇದನ್ನು ಯಾಕೆ ಹೇಳಲಿಲ್ಲ ಎಂದರೆ ‘ನೀವು ಕೇಳಲಿಲ್ಲ.’ ಆಮೇಲೆ ಓದಿ ತಿಳಿದದ್ದು ಇಷ್ಟು: ಇಲ್ಲಿನ ಹಲವರು ಹೊರಗಿನ ಯೀಸ್ಟ್ ಹಾಕುವುದಿಲ್ಲ, ನೆಲಮಾಳಿಗೆಯಲ್ಲಿರುವುದೇ ತನ್ನಷ್ಟಕ್ಕೆ ಹುದುಗಿಸಬೇಕು. ಬಡ ಕಲ್ಲುನೆಲದ ಹಣ್ಣಿನ ರಸದಲ್ಲಿ ಯೀಸ್ಟ್‌ಗೆ ಸಾರಜನಕ ಸಾಲದೆ ಹೋದರೆ ಅದು ಹೈಡ್ರೋಜನ್ ಸಲ್ಫೈಡ್ ಬಿಡುತ್ತದೆ, ಮೊಟ್ಟೆ ವಾಸನೆ ಅಲ್ಲಿಂದ. ಜೊತೆಗೆ ಉಳಿಸಿಕೊಂಡ ಸಿಹಿ ಬಾಟಲಿಯಲ್ಲಿ ಮತ್ತೆ ಹುದುಗಬಾರದೆಂದು ಗಂಧಕ ಸೇರಿಸುತ್ತಾರೆ, ಬೆಂಕಿಕಡ್ಡಿಯ ಮೂಲಗಳಲ್ಲಿ ಅದೂ ಒಂದು. ಕಾಲ ಎರಡನ್ನೂ ಕರಗಿಸುತ್ತದೆ.

ನನಗೆ ಐದು ವರ್ಷ ಕಾಯುವ ಜಾಯಮಾನ ಇಲ್ಲ. ಮೊಟ್ಟೆ ವಾಸನೆಗೆ ತಾಮ್ರ ಮದ್ದು, ಗ್ಲಾಸಿಗೆ ತಾಮ್ರದ ನಾಣ್ಯ ಹಾಕಿ ಅಲ್ಲಾಡಿಸುತ್ತಾರೆ ಎಂದೂ ಓದಿದ್ದೆ. ನಾಣ್ಯ ಯಾಕೆ, ಊರಿಂದ ತಂದ ತಾಮ್ರದ ಚೊಂಬೇ ಇದೆಯಲ್ಲ! ಮೊದಲು ಕೈಗೆ ಸಿಕ್ಕಿದ್ದು ದೇವರ ಪಂಚಪಾತ್ರೆ, ಅದನ್ನು ಹೆಂಡತಿ ಕಣ್ಣಲ್ಲೇ ವಾಪಸ್ಸು ಇಡಿಸಿದಳು. ಚೊಂಬಿಗೆ ಸುರಿದು, ಎರಡು ಸುತ್ತು ತಿರುಗಿಸಿ, ಒಂದು ನಿಮಿಷದೊಳಗೆ ಗಾಜಿನ ಜಗ್ಗಿಗೆ ಬಗ್ಗಿಸಿದೆ. ಹುಳಿ ಮುಟ್ಟಿದರೆ ತಾಮ್ರ ಕಿಲುಬು ಬಿಡುತ್ತದೆ ಎಂದು ಅಜ್ಜಿ ಮಜ್ಜಿಗೆಯನ್ನೂ ಅದರಲ್ಲಿ ಇಡಲು ಬಿಡುತ್ತಿರಲಿಲ್ಲ, ವೈನ್ ಮಜ್ಜಿಗೆಗಿಂತ ಹುಳಿ. ಹಾಗಾಗಿ ಒಂದೇ ನಿಮಿಷ. ಮೊಟ್ಟೆ ಹೋಯಿತು. ಬೆಂಕಿಕಡ್ಡಿ ತಾಮ್ರಕ್ಕೆ ಜಗ್ಗಲಿಲ್ಲ, ಅದಕ್ಕೆ ಜಗ್ಗಿನಲ್ಲಿ ಎರಡು ಗಂಟೆ ಗಾಳಿ ಬೇಕಾಯಿತು.

ಎರಡು ಗಂಟೆಯ ಮೇಲೆ ಅದು ಬೇರೆಯೇ ವೈನ್. ಬಿಳಿ ಪೀಚ್, ನಿಂಬೆ ಸಿಪ್ಪೆ, ಹಿಂದೆ ನೀರು ಹಚ್ಚಿ ಒರೆಸಿದ ಸ್ಲೇಟಿನ ತಣ್ಣನೆ ವಾಸನೆ. (ಕಲ್ಲಿನ ರುಚಿ ನೇರವಾಗಿ ವೈನ್‌ಗೆ ಇಳಿಯುವುದಿಲ್ಲ ಎನ್ನುತ್ತಾರೆ ವಿಜ್ಞಾನಿಗಳು. ಇರಲಿ, ನನ್ನ ಮೂಗು ಒಂದನೇ ಕ್ಲಾಸಿಗೆ ಹೋಗಿ ಬಂತು.) ಸಿಹಿ ಇದೆ, ಆದರೆ ಒಳ್ಳೆಯ ಅನಾನಸ್ ಗೊಜ್ಜಿನಲ್ಲಿ ಬೆಲ್ಲವನ್ನು ಹುಣಸೆ ಹಿಡಿದುಕೊಂಡಿರುತ್ತದಲ್ಲ, ಹಾಗೆ ಹುಳಿ ಅದನ್ನು ಬಿಗಿ ಹಿಡಿದಿದೆ. ಆಲ್ಕೋಹಾಲ್ ಶೇ. 8ರ ಆಸುಪಾಸು. ಬಿಸಿಬೇಳೆಬಾತಿನ ಖಾರಕ್ಕೆ ಹೆಚ್ಚು ಆಲ್ಕೋಹಾಲ್ ಸೀಮೆಎಣ್ಣೆ ಸುರಿದ ಹಾಗೆ. ಇದು ನೀರು ಹಾಕಿದಂತೆ ತಣಿಸಿತು. ಆಗ ಕೊಟ್ಟೆ ನೂರು.

ಡಾಕ್ಟರ್‌ನಲ್ಲಿ ಈ ತಾಪತ್ರಯ ಒಂದೂ ಇರಲಿಲ್ಲ. ತೆರೆದ ಕ್ಷಣದಿಂದ ಸಭ್ಯ. ಮಾಗಿದ ಏಪ್ರಿಕಾಟ್, ಜೇನು, ಚೂರು ಹೊಗೆ, ದುಂಡಗೆ ಬಾಯಿ ತುಂಬುವ ಸಿಹಿ. ಬಾಟಲಿಗೆ ಬಾಟಲಿ ಇಟ್ಟರೆ ಅದೇ ದೊಡ್ಡ ವೈನ್ ಎಂದು ಹತ್ತರಲ್ಲಿ ಏಳು ಜನ ಹೇಳಬಹುದು, ನಮ್ಮ ಮನೆಗೆ ಬಂದ ಮೂವರೂ ಹೇಳಿದರು. ಆದರೆ ಒಂದು ಗ್ಲಾಸ್ ಮುಗಿಯುವಷ್ಟರಲ್ಲಿ ನನಗೆ ಸಾಕೆನಿಸಿತು. ಊಟದ ಜೊತೆ ಪಾಯಸ ಬಡಿಸಿದ ಹಾಗೆ. ಆ ಮೂವರಲ್ಲಿ ಒಬ್ಬರು ಸೊನ್ನೆನೂರ್ ಜಗ್ಗಿನ ಕಡೆ ತೋರಿಸಿ ‘ಅದರಲ್ಲಿ ಇನ್ನೂ ಇದೆಯಾ?’ ಎಂದು ಕೇಳಿದ್ದನ್ನೂ ದಾಖಲಿಸಿಡುತ್ತೇನೆ.

ಎರಡು ತೋಟದಿಂದಲೂ ಸಿಹಿಯಿಲ್ಲದ ವೈನ್ ಬರುತ್ತದೆ, ಲೇಬಲ್‌ನಲ್ಲಿ ‘ಟ್ರೋಕನ್’ ಎಂದಿರುತ್ತದೆ. ನಮ್ಮ ಊಟಕ್ಕೆ ಬೇಡ.

ಡಾಕ್ಟರ್ ಹುಡುಕುವವರು ‘ಬರ್ನ್‌ಕಾಸ್ಟೆಲರ್ ಕುರ್‌ಫ್ಯುರ್ಸ್ಟ್‌ಲೈ’ ಎಂದು ಕಂಡರೆ ಅಗ್ಗ ಸಿಕ್ಕಿತೆಂದು ಹಿಗ್ಗಬೇಡಿ. ಅದು ತೋಟದ ಹೆಸರಲ್ಲ, 1971ರ ಕಾನೂನು ಹಲವು ಊರುಗಳ ತೋಟಗಳನ್ನು ಒಂದೇ ಚೀಲಕ್ಕೆ ಹಾಕಿ ಕೊಟ್ಟ ಹೆಸರು.

ಮೂರನೆಯದೊಂದು ಇತ್ತು, ಇನ್ನಷ್ಟು ಕೆಳಗಿನ ಯುರ್ತ್ಸಿಗರ್ ವ್ಯೂರ್ತ್ಸ್‌ಗಾರ್ಟನ್, ‘ಮಸಾಲೆ ತೋಟ’. ಅಲ್ಲಿನ ನೆಲ ಕೆಂಪು. 15 ಯೂರೋಗೆ ಕಾಬಿನೆಟ್, ಶುಂಠಿಯ ನೆನಪು ತರುವ ಘಾಟು, ಗಂಧಕದ ಕಾಟವಿಲ್ಲ. ಮೊದಲ ಸಲ ಕೊಳ್ಳುವವರಿಗೆ ಅದನ್ನೇ ಹೇಳುತ್ತೇನೆ.

ನನ್ನ ಲೆಕ್ಕ ಸುಲಭದ್ದು. ಮನೆಯಲ್ಲಿ ಕುಡಿಯುವವನು ನಾನೊಬ್ಬನೇ, ಶನಿವಾರ ಮಗಳು ಮಲಗಿದ ಮೇಲೆ ಒಂದು ಗ್ಲಾಸ್, ಭಾನುವಾರ ಊಟಕ್ಕೆ ಇನ್ನೊಂದು, ಉಳಿದದ್ದು ಫ್ರಿಜ್ಜಿನಲ್ಲಿ ಬುಧವಾರದವರೆಗೆ. ಸೊನ್ನೆನೂರ್ ಮೂರನೆಯ ದಿನ ಮೊದಲ ದಿನಕ್ಕಿಂತ ಚೆನ್ನಾಗಿರುತ್ತದೆ, ತಾಮ್ರವೂ ಬೇಡ. ಡಾಕ್ಟರ್ ಎರಡನೆಯ ದಿನಕ್ಕೆ ಉಳಿಯಲಿಲ್ಲ, ಅತಿಥಿಗಳಿದ್ದರು. ಒಂದು ಡಾಕ್ಟರ್ ಬೆಲೆಗೆ ಎರಡು ಸೊನ್ನೆನೂರ್, ಮೇಲೆ ಎರಡು ಯೂರೋ ಚಿಲ್ಲರೆ.

ಆರರಲ್ಲಿ ಈಗ ಎರಡು ಉಳಿದಿವೆ, ನೆಲಮಾಳಿಗೆಯಲ್ಲಿ ಸೋನಾ ಮಸೂರಿ ಮೂಟೆಯ ಹಿಂದೆ, ಅಂಗಡಿಯವರು ಹೇಳಿದ ಐದು ವರ್ಷಕ್ಕೆ ಕಾಯುತ್ತ. ಚೊಂಬಿನ ತಳದಲ್ಲಿ ಹೆಂಡತಿ ಮಾರ್ಕರಿನಿಂದ ‘ವೈನ್’ ಎಂದು ಬರೆದಿಟ್ಟಿದ್ದಾಳೆ, ಅತ್ತೆ ಬಂದಾಗ ತಪ್ಪಿ ಅದರಲ್ಲಿ ತೀರ್ಥ ಕೊಟ್ಟಾರು ಎಂದು.