ಎಳೆಯುವುದಕ್ಕೆ ಕೊಂಡೆ, ಮೆಚ್ಚಿದ್ದು ಇಳಿಯುವಾಗ: ಒನ್ ಟನ್ ಡೀಸೆಲ್ ಪಿಕಪ್ ಜೊತೆ ಕೆಲವು ವರ್ಷ

ಈ ದೊಡ್ಡ ಪಿಕಪ್ ಟ್ರಕ್‌ಗಳ ಜಾಹೀರಾತು ನೋಡಿದ್ದೀರಲ್ಲ, ಎಲ್ಲದರಲ್ಲೂ ಬೆಟ್ಟ ಹತ್ತುವುದೇ. ಧೂಳೆಬ್ಬಿಸಿಕೊಂಡು ಏರುತ್ತಿರುತ್ತದೆ, ಹಿಂದೆ ಭಾರೀ ಟ್ರೈಲರ್. ಇಳಿಯುವುದನ್ನು ಯಾರೂ ತೋರಿಸುವುದಿಲ್ಲ. ಹತ್ತುವಾಗ ಟ್ರಕ್‌ಗೆ ಶಕ್ತಿ ಸಾಲದಿದ್ದರೆ ಏನಾಗುತ್ತದೆ? ನಿಧಾನ ಆಗುತ್ತದೆ, ಹಿಂದಿನವರು ಬೈದುಕೊಳ್ಳುತ್ತಾರೆ, ಅಷ್ಟೇ. ಇಳಿಯುವಾಗ ಸಾಲದಿದ್ದರೆ ಕಥೆ ಬೇರೆ.

ನಮ್ಮದು ಒನ್ ಟನ್ ಡೀಸೆಲ್ (ಒನ್ ಟನ್ ಅನ್ನುವುದು ದೊಡ್ಡ ಪಿಕಪ್‌ಗಳ ಒಂದು ದರ್ಜೆಯ ಹೆಸರು, ತೂಕವಲ್ಲ), ಹಿಂದೆ ಎರಡೆರಡು ಚಕ್ರದ ಡ್ಯುಯಲಿ. ಎಳೆಯುವುದು ಫಿಫ್ತ್ ವೀಲ್ ಟ್ರೈಲರ್, ಅಂದರೆ ಟ್ರಕ್‌ನ ಹಿಂದಿನ ಡಬ್ಬಿಯೊಳಗೆ ಇರುವ ಹಿಚ್ (ಜೋಡಣೆಯ ಕೊಂಡಿ) ಮೇಲೆ ಮೂತಿ ಊರಿ ಕೂರುವ, ಚಲಿಸುವ ಮನೆಯಂಥದ್ದು. ಪೂರ್ತಿ ತುಂಬಿದರೆ 14,000 ಪೌಂಡ್. ಮನೆ ಅಮೆರಿಕದ ಡೆನ್ವರ್ ಹತ್ತಿರ, ಅಂದರೆ ಎಲ್ಲಿಗೆ ಹೊರಟರೂ ಘಾಟಿ ತಪ್ಪಿದ್ದಲ್ಲ. ಅಶ್ವಶಕ್ತಿ, ಟಾರ್ಕ್ ಎಲ್ಲ ನೀವೇ ನೋಡಿರುತ್ತೀರಿ, ಅದನ್ನು ಬಿಡುತ್ತೇನೆ. ಯಾವ ಕಂಪನಿಯದು ಅಂತಲೂ ಬರೆಯುವುದಿಲ್ಲ. ಮುಂದೆ ಒಂದಷ್ಟು ಬೈಯುವುದಿದೆ, ಆ ತೊಂದರೆ ಒಂದೇ ಕಂಪನಿಗೆ ಸೀಮಿತವೂ ಅಲ್ಲ.

ಡ್ಯುಯಲಿ ಯಾಕೆ ಅಂತ ಎಲ್ಲರೂ ಕೇಳುತ್ತಾರೆ. ಶೋಕಿಗಲ್ಲ. ಮೊದಲು ನೋಡಿದ್ದು ಒಂದು ದರ್ಜೆ ಚಿಕ್ಕದಾದ ಥ್ರೀ ಕ್ವಾರ್ಟರ್ ಟನ್ ಡೀಸೆಲ್. ಬ್ರೋಷರ್ ಪ್ರಕಾರ ನಮ್ಮ ಟ್ರೈಲರನ್ನು ಆರಾಮಾಗಿ ಎಳೆಯುತ್ತದೆ. ಆದರೆ ಚಾಲಕನ ಬಾಗಿಲು ತೆರೆದರೆ ಕಂಬದ ಮೇಲೆ ಹಳದಿ ಪಟ್ಟಿಯ ಒಂದು ಚೀಟಿ ಇರುತ್ತದೆ. ಜನ, ಸಾಮಾನು ಎಲ್ಲ ಸೇರಿ ಎಷ್ಟು ಹೇರಬಹುದು ಅಂತ ಅದರಲ್ಲಿ ಬರೆದಿರುತ್ತದೆ. ಆ ಟ್ರಕ್‌ನ ಚೀಟಿ 2,300 ಪೌಂಡ್ ಆಸುಪಾಸು ಹೇಳುತ್ತಿತ್ತು. ಫಿಫ್ತ್ ವೀಲ್ ತನ್ನ ತೂಕದಲ್ಲಿ ಶೇ. 15ರಿಂದ 25ರಷ್ಟನ್ನು ಟ್ರಕ್ ಬೆನ್ನ ಮೇಲೆ ಹಾಕುತ್ತದೆ. ಶೇ. 20 ಅಂದುಕೊಂಡರೂ 2,800 ಪೌಂಡ್. ಹಿಚ್, ಹೆಂಡತಿ, ಮಕ್ಕಳು, ನಾನು ಇನ್ನೂ ಹತ್ತಿಯೇ ಇಲ್ಲ! ಡೀಸೆಲ್ ಎಂಜಿನ್ ಪೆಟ್ರೋಲ್ ಎಂಜಿನ್‌ಗಿಂತ ನೂರಾರು ಪೌಂಡ್ ಜಾಸ್ತಿ ತೂಗುವುದರಿಂದ, ಜಾಸ್ತಿ ದುಡ್ಡು ಕೊಟ್ಟು ಡೀಸೆಲ್ ತೆಗೆದುಕೊಂಡರೆ ಹೇರುವ ಮಿತಿ ಕಡಿಮೆಯೇ ಆಗುತ್ತದೆ. ಸೇಲ್ಸ್‌ನವರು ಇದನ್ನು ತಾವಾಗಿ ಹೇಳುವುದಿಲ್ಲ. ಡ್ಯುಯಲಿಯ ಚೀಟಿ ಐದು ಸಾವಿರ ದಾಟಿತ್ತು. ಅಲ್ಲಿಗೆ ಚರ್ಚೆ ಮುಗಿಯಿತು.

ಟ್ರೈಲರ್ 14,000ಕ್ಕೇ ನಿಲ್ಲಿಸಿದ್ದಕ್ಕೆ ಇನ್ನೊಂದು ಕಾರಣ ಇದೆ. ಮುಂದೆ ಕ್ಯಾಲಿಫೋರ್ನಿಯಾಗೆ ಹೋಗಿ ನೆಲೆಸುವ ಯೋಚನೆ ಇದೆ, ಅಲ್ಲಿ 15,000 ಪೌಂಡ್ ದಾಟಿದ ಫಿಫ್ತ್ ವೀಲ್ ಎಳೆಯಲು ನಾನ್-ಕಮರ್ಷಿಯಲ್ ಕ್ಲಾಸ್ ಎ (ಸ್ವಂತ ಬಳಕೆಯ ಭಾರೀ ಗಾಡಿಗಳ) ಲೈಸೆನ್ಸ್ ಬೇಕು.

ಟ್ರೈಲರ್ ಇಲ್ಲದ ದಿನ ಈ ಗಾಡಿ ಶುದ್ಧ ತಲೆನೋವು. ಹಿಂಭಾಗದ ಅಗಲ ಎಂಟು ಅಡಿ, ಉದ್ದ 22 ಅಡಿ ಹತ್ತಿರ. ಕಾರ್ ವಾಷ್‌ನವರು ದೂರದಿಂದಲೇ ಕೈಯಾಡಿಸಿ ಕಳಿಸುತ್ತಾರೆ. ಅಂಗಡಿ ಮುಂದೆ ನಿಲ್ಲಿಸಬೇಕಾದರೆ ಪಾರ್ಕಿಂಗ್‌ನ ಕಟ್ಟಕಡೆಯ ಮೂಲೆಗೇ ಹೋಗಬೇಕು. ಖಾಲಿ ಇದ್ದಾಗ ಸ್ಪ್ರಿಂಗ್ ಎಷ್ಟು ಬಿಗಿ ಅಂದರೆ ಸಣ್ಣ ಗುಂಡಿಗೂ ಕಾಫಿ ಚೆಲ್ಲುತ್ತದೆ. ಎಣ್ಣೆ ಬದಲಾವಣೆ, ಇಂಧನದ ಫಿಲ್ಟರ್, ನಾಲ್ಕರ ಬದಲು ಆರು ಟೈರ್, ಎಲ್ಲಕ್ಕೂ ಖರ್ಚು ಜಾಸ್ತಿ. ಒಳಗಿನ ಚಕ್ರಕ್ಕೆ ಗಾಳಿ ನೋಡುವುದಂತೂ ಒಂದು ವ್ರತ. ನೆಲದ ಮೇಲೆ ಹಳೇ ಚಾಪೆ ಹಾಕಿ ಕೂತು, ಹೊರಗಿನ ಚಕ್ರದ ರಂಧ್ರದಲ್ಲಿ ಕೈ ತೂರಿಸಿ, ವಾಲ್ವ್ ಎಲ್ಲಿದೆ ಅಂತ ತಡಕಬೇಕು. ಅಷ್ಟು ಕಷ್ಟ ಅಂತ ಬಿಟ್ಟರೆ, ಒಳಗಿನ ಚಕ್ರದಲ್ಲಿ ಗಾಳಿ ಇಳಿದರೂ ಹೊರಗಿನದು ಎತ್ತಿ ಹಿಡಿದಿರುತ್ತದೆ, ಕಣ್ಣಿಗೆ ಕಾಣುವುದೇ ಇಲ್ಲ. ಹಾಗಾಗಿ ಪ್ರತಿ ಪ್ರಯಾಣಕ್ಕೆ ಮುಂಚೆ ಚಾಪೆ ಹಾಸುತ್ತೇನೆ.

ಆದರೆ ಟ್ರೈಲರ್ ಜೋಡಿಸುವ ಬೆಳಗಿನ ಹೊತ್ತು ನನಗೆ ಇಷ್ಟ. ಹಿಂದೆ ನಿಂತು ದಾರಿ ಹೇಳುವುದು ಹೆಂಡತಿ. ಅವಳ ಭಾಷೆ ಸಿಟಿ ಬಸ್ ಕಂಡಕ್ಟರ್‌ದು: "ರೈಟ್, ರೈಟ್, ರೈಟ್... ಹೋಲ್ಡಾನ್!" ಕ್ಯಾಂಪ್‌ನಲ್ಲಿ ಪಕ್ಕದ ಜಾಗದವರು ಒಮ್ಮೆ, ಎಡಕ್ಕೆ ತಿರುಗಿಸುವಾಗಲೂ ರೈಟ್ ಅಂತಾರಲ್ಲ ಅಂತ ತಲೆಕೆಡಿಸಿಕೊಂಡಿದ್ದರು. ಕಿಂಗ್‌ಪಿನ್ (ಟ್ರೈಲರ್ ಮೂತಿಯ ಕೆಳಗಿನ ಗೂಟ) ಹಿಚ್‌ನಲ್ಲಿ ಹೋಗಿ ಕೂತಾಗ ಖಟ್ ಅಂತ ಒಂದು ಸದ್ದು. ಆ ಸದ್ದನ್ನು ನಂಬಬಾರದು. ಟಾರ್ಚ್ ಹಾಕಿ ಹಿಚ್‌ನ ದವಡೆ ಪೂರ್ತಿ ಮುಚ್ಚಿದೆಯಾ ನೋಡಬೇಕು. ಟ್ರೈಲರ್ ಕಳಚಿಕೊಂಡರೆ ಅದರ ಬ್ರೇಕ್ ಹಾಕುವ ಬ್ರೇಕ್‌ಅವೇ ಕೇಬಲ್, ದೀಪ-ಬ್ರೇಕಿನ ವಿದ್ಯುತ್ತಿಗೆ ಏಳು ಪಿನ್ನಿನ ಪ್ಲಗ್, ಆಮೇಲೆ ಟ್ರೈಲರ್ ಕಾಲು ನೆಲದಿಂದ ಸ್ವಲ್ಪವೇ ಎತ್ತಿ, ಟ್ರೈಲರ್ ಬ್ರೇಕ್ ಕೈಯಲ್ಲಿ ಒತ್ತಿ ಹಿಡಿದು, ಟ್ರಕ್ಕನ್ನು ಮೆಲ್ಲಗೆ ಮುಂದಕ್ಕೆ ಎಳೆದು ನೋಡುವುದು. ಕಚ್ಚಿಕೊಂಡಿದ್ದರೆ ಸರಿ. ಇಲ್ಲದಿದ್ದರೆ ಕಾಲು ಇನ್ನೂ ನೆಲದ ಹತ್ತಿರವೇ ಇರುವುದರಿಂದ ಟ್ರೈಲರ್ ಬಂದು ಟ್ರಕ್‌ನ ಡಬ್ಬಿ ಮೇಲೆ ಕೂರುವುದು ತಪ್ಪುತ್ತದೆ.

ಈಗ ಇಳಿಯುವ ವಿಷಯಕ್ಕೆ ಬರುತ್ತೇನೆ. ಐ-70 ಹೆದ್ದಾರಿಯ ಐಸೆನ್‌ಹೋವರ್ ಸುರಂಗ 11,158 ಅಡಿ ಎತ್ತರದಲ್ಲಿದೆ, ಇಂಟರ್‌ಸ್ಟೇಟ್ ಹೆದ್ದಾರಿಗಳಲ್ಲೇ ಅತಿ ಎತ್ತರದ ಜಾಗ. ಸುರಂಗ ದಾಟಿ ಪಶ್ಚಿಮಕ್ಕೆ ಸಿಲ್ವರ್‌ಥಾರ್ನ್ ಕಡೆ ಇಳಿಯುವಾಗ ಶೇ. 7ರ ಇಳಿಜಾರು. ಬ್ರೇಕ್ ಕೈಕೊಟ್ಟ ಲಾರಿಗಳು ನುಗ್ಗಲೆಂದೇ ಪಕ್ಕದಲ್ಲಿ ಜಲ್ಲಿಯ ದಾರಿ ಮಾಡಿಟ್ಟಿದ್ದಾರೆ. ವಾಪಸ್ ಡೆನ್ವರ್‌ಗೆ ಬರುವಾಗ ಇನ್ನೊಂದು. ಬೆಟ್ಟ ಮುಗಿಯಿತು ಅನ್ನುವ ಹೊತ್ತಿಗೆ ಫಲಕ ಹೇಳುತ್ತದೆ: ಲಾರಿ ಚಾಲಕರೇ, ಮೋಸ ಹೋಗಬೇಡಿ, ಕಡಿದಾದ ಇಳಿಜಾರು ಇನ್ನೂ 4 ಮೈಲಿ ಇದೆ.

ಇಲ್ಲಿ ಟೋ-ಹಾಲ್ ಮೋಡ್ (ಭಾರ ಎಳೆಯುವಾಗಿನ ಗೇರ್ ವ್ಯವಸ್ಥೆ) ಹಾಕಿ ಎಕ್ಸಾಸ್ಟ್ ಬ್ರೇಕ್ ಗುಂಡಿ ಒತ್ತುತ್ತೇನೆ. ಡೀಸೆಲ್‌ನಲ್ಲಿ ಸುಮ್ನೆ ಕಾಲು ತೆಗೆದರೆ ಗಾಡಿ ಅಷ್ಟಾಗಿ ನಿಧಾನ ಆಗುವುದಿಲ್ಲ. ಈ ಗುಂಡಿ ಒತ್ತಿದರೆ ಟರ್ಬೋ (ಎಂಜಿನ್‌ಗೆ ಹೆಚ್ಚು ಗಾಳಿ ನೂಕುವ ಯಂತ್ರ) ಒಳಗಿನ ಎಲೆಗಳು ಮುಚ್ಚಿಕೊಂಡು, ಹೊಗೆ ಹೊರಹೋಗಲು ತಿಣುಕುತ್ತದೆ. ಆ ಒತ್ತಡವೇ ಎಂಜಿನ್ನನ್ನು ಹಿಡಿದು ನಿಲ್ಲಿಸುತ್ತದೆ. ಗೇರ್ ತಾನಾಗಿ ಕೆಳಗಿಳಿಯುತ್ತದೆ, ಗುರ್ ಅಂತ ಗಂಟಲು ಕಟ್ಟಿದ ಸದ್ದು ಬರುತ್ತದೆ, ವೇಗ ಅಲ್ಲೇ ನಿಲ್ಲುತ್ತದೆ. ಆಟೋಗೆ ಹಾಕಿದರೆ ಬೇಕಾದ ವೇಗವನ್ನು ತಾನೇ ಕಾಯುತ್ತದೆ. ಆರು ಟನ್ ಮೇಲೆ ಹಿಂದೆ ತಳ್ಳುತ್ತಿದೆ, ನನ್ನ ಕಾಲು ನೆಲದ ಮೇಲಿದೆ. ಕೆಳಗೆ ಬಂದು ಚಕ್ರದ ಹತ್ತಿರ ಕೈ ಹಿಡಿದರೆ ಬ್ರೇಕ್ ತಣ್ಣಗಿರುತ್ತದೆ. ಮುಂಚೆ ಬಾಡಿಗೆ ಪೆಟ್ರೋಲ್ ಟ್ರಕ್‌ನಲ್ಲಿ ಇದೇ ದಾರಿ ಇಳಿದಾಗ ಮೂಗಿಗೆ ಬಡಿದ ಸುಟ್ಟ ವಾಸನೆ ಮನೆಯವರಿಗೆಲ್ಲ ಇನ್ನೂ ನೆನಪಿದೆ. ಇಷ್ಟೊಂದು ದುಡ್ಡು ಸುರಿದ ಗಾಡಿಯಲ್ಲಿ ನನಗೆ ಅತಿ ಪ್ರೀತಿಯ ವಸ್ತು ಈ ಒಂದು ಗುಂಡಿ.

ಇಲ್ಲಿಗೇ ನಿಲ್ಲಿಸಿದ್ದರೆ ಐದಕ್ಕೆ ಐದು ಕೊಡುತ್ತಿದ್ದೆ. ಆದರೆ ಡೆಫ್ ಇದೆಯಲ್ಲ.

ಡೆಫ್ ಅಂದರೆ ಹೊಗೆ ಶುದ್ಧ ಮಾಡಲು ಹಾಕುವ ದ್ರವ, ಶೇ. 32.5 ಯೂರಿಯಾ, ಉಳಿದದ್ದು ನೀರು. ಸುಮಾರು ಮೈನಸ್ 11 ಡಿಗ್ರಿ ಸೆಲ್ಸಿಯಸ್‌ಗೆ ಹೆಪ್ಪುಗಟ್ಟುತ್ತದೆ, ಅದಕ್ಕೆ ಟ್ಯಾಂಕ್‌ನಲ್ಲಿ ಹೀಟರ್, ಸೆನ್ಸರ್, ಪಂಪ್. ಕೆಡುವುದು ಇವೇ. ನಮ್ಮದು ಯೂಟಾದ ಬಯಲಲ್ಲಿ, ಹಿಂದೆ ಟ್ರೈಲರ್ ಇರುವಾಗ ಕೆಟ್ಟಿತು. ಎಂಜಿನ್‌ಗೆ ಏನೂ ಆಗಿಲ್ಲ, ಟ್ಯಾಂಕ್ ತುಂಬಾ ಡೆಫ್ ಇದೆ, ಆದರೂ ಡ್ಯಾಶ್‌ಬೋರ್ಡ್ ಮೇಲೆ ಬೆದರಿಕೆ: ಇಷ್ಟು ಮೈಲಿ ಆದಮೇಲೆ ವೇಗಕ್ಕೆ ಕಡಿವಾಣ. ಆಮೇಲೆ ಆ ಮೈಲಿ ಒಂದೊಂದೇ ಇಳಿಯುವುದನ್ನು ನೋಡಿಕೊಂಡು ಓಡಿಸಬೇಕು. ಹತ್ತಿರದ ಡೀಲರ್ ಟ್ರೈಲರ್ ಒಳಗೆ ತರಬೇಡಿ ಅಂದರು. ಬಿಡಿಭಾಗ ಬರಲು ವಾರಗಟ್ಟಲೆ ಅಂದರು. ವಾರಂಟಿ ಇದ್ದದ್ದಕ್ಕೆ ದುಡ್ಡು ಹೋಗಲಿಲ್ಲ, ರಜೆ ಹೋಯಿತು. ಈಗಿನ ಹೆವಿ ಡ್ಯೂಟಿ ಡೀಸೆಲ್ ಪಿಕಪ್ ಯಾವುದು ತೆಗೆದುಕೊಂಡರೂ ಈ ವ್ಯವಸ್ಥೆ ಬರುತ್ತದೆ. 2025ರ ಆಗಸ್ಟ್‌ನಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಪಿಎ, ಡೆಫ್ ತೊಂದರೆ ಬಂದಾಗ ಗಾಡಿ ಒಮ್ಮೆಲೇ ಶಕ್ತಿ ಕಳೆದುಕೊಳ್ಳದಂತೆ ಸಾಫ್ಟ್‌ವೇರ್ ಬದಲಿಸಿ ಅಂತ ಕಂಪನಿಗಳಿಗೆ ಹೇಳಿದೆ. ಒಳ್ಳೆಯದು. ನಮ್ಮ ರಜೆ ಮಾತ್ರ ವಾಪಸ್ ಬರಲ್ಲ.

ಹಾಗಾದರೆ ಪೆಟ್ರೋಲ್ ವಿ8 ಸಾಕಾ? ಬಯಲು ಸೀಮೆಯಲ್ಲಿ, ವರ್ಷಕ್ಕೆ ಬೆರಳೆಣಿಕೆಯಷ್ಟು ಸಲ, ಸ್ವಲ್ಪ ಹಗುರ ಟ್ರೈಲರ್ ಎಳೆಯುವವರಿಗೆ ಖಂಡಿತ ಸಾಕು. ಬೆಲೆ ಸಾವಿರಾರು ಡಾಲರ್ ಕಡಿಮೆ, ಡೆಫ್ ಗೋಳಿಲ್ಲ. ಆದರೆ ಟರ್ಬೋ ಇಲ್ಲದ ಎಂಜಿನ್ ಪ್ರತಿ ಸಾವಿರ ಅಡಿ ಎತ್ತರಕ್ಕೆ ಸುಮಾರು ಶೇ. 3ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಸುರಂಗದ ಎತ್ತರಕ್ಕೆ ಬರುವಷ್ಟರಲ್ಲಿ ಮೂರನೇ ಒಂದು ಪಾಲು ಹೋಗಿರುತ್ತದೆ. ಇಳಿಯುವಾಗಂತೂ ನಾನು ಹೇಳಿದ ಗುಂಡಿ ಅದರಲ್ಲಿ ಇರುವುದಿಲ್ಲ.

ಐದಕ್ಕೆ ನಾಲ್ಕು ಕೊಡುತ್ತೇನೆ, ಅದೂ ಘಾಟಿ ಇಳಿದು ಬಂದ ದಿನ ಕೇಳಿದರೆ. ಕೊಳ್ಳುವವರು ನೀವು ನಿಜವಾಗಿ ಮನೆಗೆ ಒಯ್ಯುವ ಟ್ರಕ್‌ನ ಬಾಗಿಲ ಚೀಟಿಯನ್ನೇ ಓದಿ, ಪಕ್ಕದಲ್ಲಿ ನಿಂತಿರುವುದರದ್ದಲ್ಲ. ಸನ್‌ರೂಫ್, ದೊಡ್ಡ ಸೀಟು ಹಾಕಿಸಿದಷ್ಟೂ ಆ ಸಂಖ್ಯೆ ಇಳಿಯುತ್ತದೆ. ಡೆಫ್ ಡಬ್ಬಿ ಕೊಳ್ಳುವಾಗ ತಯಾರಾದ ತಾರೀಕು ನೋಡಿ, ಬಿಸಿಲಲ್ಲಿ ಇಟ್ಟದ್ದು ಬೇಗ ಹಾಳಾಗುತ್ತದೆ. ನಾನಂತೂ ವಾರಂಟಿ ಮುಗಿಯುವ ಮುಂಚೆ ಟ್ರಕ್ ಮಾರುವುದೋ, ವಾರಂಟಿ ವಿಸ್ತರಿಸುವುದೋ ಅಂತ ಲೆಕ್ಕ ಹಾಕುತ್ತಿದ್ದೇನೆ.