ಫ್ರೆಶ್‌ಕಿಲ್ಸ್ ಉದ್ಯಾನ: ಕಸದ ಗುಡ್ಡದ ಪಕ್ಕದಲ್ಲೊಂದು ನಡಿಗೆ

ನ್ಯೂಯಾರ್ಕ್ ನಗರದ ಸ್ಟೇಟನ್ ಐಲ್ಯಾಂಡ್‌ನಲ್ಲಿರುವ ಫ್ರೆಶ್‌ಕಿಲ್ಸ್, 1948ರಿಂದ 2001ರವರೆಗೆ ನಗರದ ಕಸವನ್ನು ನುಂಗುತ್ತಾ ಬಂದ, ಒಂದು ಕಾಲಕ್ಕೆ ಜಗತ್ತಿನಲ್ಲೇ ಅತಿ ದೊಡ್ಡದೆನಿಸಿದ್ದ ಕಸದ ಸುರಿದಾಣ. ಸುಮಾರು 2,200 ಎಕರೆಯ ಈ ಜಾಗದ ಉತ್ತರ ಭಾಗದಲ್ಲಿ 21 ಎಕರೆಯಷ್ಟು ಉದ್ಯಾನವನ್ನು 2023ರ ಅಕ್ಟೋಬರಿನಲ್ಲಿ ಸಾರ್ವಜನಿಕರಿಗೆ ತೆರೆಯಲಾಯಿತು.

ಇಲ್ಲಿ ಮೆಚ್ಚಬೇಕಾದ ಕೆಲಸದ ಬಹುಪಾಲು ಕಣ್ಣಿಗೆ ಬೀಳುವುದೇ ಇಲ್ಲ. ಕಸದ ಮೇಲೆ ಮಣ್ಣು, ಅನಿಲ ಹೊರಹೋಗಲು ಒಂದು ಪದರ, ನೀರು ಇಳಿಯದ ದಪ್ಪ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ನೀರು ಬಸಿಯುವ ಪದರ, ಮತ್ತೆ ಮಣ್ಣು, ಕೊನೆಗೆ ಹುಲ್ಲು. ಒಳಗೆ ಹುಟ್ಟುವ ಮೀಥೇನನ್ನು ಕೊಳವೆಗಳಲ್ಲಿ ಹಿಡಿದು, ಶುದ್ಧೀಕರಿಸಿ, ಮನೆಗಳ ಬಳಕೆಗೆ ಕೊಡಲಾಗಿದೆ. ಕಸದಿಂದ ಇಳಿಯುವ ಕೊಳೆನೀರನ್ನೂ ಸಂಗ್ರಹಿಸಿ ಸಂಸ್ಕರಿಸುತ್ತಾರೆ. ಗುಡ್ಡಗಳನ್ನು ಹುಲ್ಲುಗಾವಲಾಗಿಯೇ ಉಳಿಸಿದ್ದರಿಂದ, ನಗರದಲ್ಲಿ ಅಪರೂಪವಾದ ಗ್ರಾಸ್‌ಹಾಪರ್ ಗುಬ್ಬಿ ಇಲ್ಲಿ ಗೂಡುಕಟ್ಟುತ್ತಿದೆ. ಅಲಂಕಾರದ ಹೂಗಿಡಗಳ ಹಂಗಿಲ್ಲದ ಈ ನಿರ್ಧಾರ ನನಗಂತೂ ಸರಿಯೆನಿಸಿತು.

ನಡಿಗೆ ಮತ್ತು ಸೈಕಲ್ ಹಾದಿಗಳಿವೆ, ಪಕ್ಷಿವೀಕ್ಷಣಾ ಗೋಪುರವಿದೆ, ಸ್ಥಳೀಯ ಸಸ್ಯಗಳ ಬೀಜ ಬೆಳೆಯುವ ತೋಟವೂ ಇದೆ. ಗೋಪುರದಿಂದ ಕಾಣುವ ಉಬ್ಬರವಿಳಿತದ ಜೌಗುನೆಲವೇ ಇಲ್ಲಿನ ಮುಖ್ಯ ಆಕರ್ಷಣೆ.

ಕೊರತೆಯೆಂದರೆ, ಎದುರಿಗೆ ಕಾಣುವ ವಿಸ್ತಾರಕ್ಕೆ ಹೋಲಿಸಿದರೆ ಕಾಲಿಡಲು ಸಿಗುವ ಜಾಗ ತೀರಾ ಚಿಕ್ಕದು. ಮರಗಳ ದಟ್ಟ ನೆರಳನ್ನು ಬಯಸುವವರಿಗೆ ಇದು ಹಿಡಿಸಲಾರದು. ಬೈನಾಕ್ಯುಲರ್ ಹಿಡಿದು ನಿಧಾನವಾಗಿ ನಡೆಯುವವರು ಅವಶ್ಯವಾಗಿ ಹೋಗಬಹುದು, ಬೇಸಿಗೆಯಲ್ಲಾದರೆ ಟೋಪಿ ಜೊತೆಗಿರಲಿ.