ಕ್ಲೌಡ್ ಸ್ಟೋರೇಜ್ "ಆಟೊಮ್ಯಾಟಿಕ್" ಮಾಡಿಕೊಡ್ತೇವೆ ಎಂದು ಬರುವವರ ಬಗ್ಗೆ ಜಾಗ್ರತೆ: ಕಾಸರಗೋಡಿನ ಸ್ಟುಡಿಯೋದವರು ದಯವಿಟ್ಟು ಓದಿ

ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ, ಮಾತು ಹೆಚ್ಚುಕಮ್ಮಿ ಆದರೆ ಸುಧಾರಿಸಿಕೊಳ್ಳಿ. ಫೋಟೋ ಸ್ಟುಡಿಯೋ ಇರುವವರು, ತಾಳಮದ್ದಳೆ ರೆಕಾರ್ಡಿಂಗ್ ಕೂಡಿಟ್ಟವರು, ಬ್ರಹ್ಮಕಲಶದ ವೀಡಿಯೋ ಮಾಡುವವರು, ಯಾರ ಫೈಲುಗಳು ಕ್ಲೌಡಿನಲ್ಲಿ ಉಂಟೋ ಅವರೆಲ್ಲ ಓದಿ. ಮಂಗಳೂರು ಕಡೆಯಿಂದ ಒಂದು ಪಾರ್ಟಿ ಓಡಾಡ್ತಾ ಉಂಟು. "ನಿಮ್ಮ ಸ್ಟೋರೇಜ್ ಆಟೊಮೇಟ್ ಮಾಡಿ ಬಿಲ್ಲು ಅರ್ಧಕ್ಕೆ ಇಳಿಸ್ತೇವೆ ಸಾರ್" ಅಂತಾರೆ. ಹೆಸರು ಇಲ್ಲಿ ಹಾಕುವುದಿಲ್ಲ, ವಕೀಲರು ಬೇಡ ಎಂದಿದ್ದಾರೆ. ಆದರೆ ಆ ಮಾತು ಕಿವಿಗೆ ಬಿದ್ದ ಕೂಡಲೇ ನನ್ನನ್ನು ನೆನಪು ಮಾಡಿಕೊಳ್ಳಿ.

ನನ್ನದು ಬದಿಯಡ್ಕ ಪೇಟೆಯಲ್ಲಿ ಒಂದು ಸಣ್ಣ ಸ್ಟುಡಿಯೋ. ಮದುವೆ, ಉಪನಯನ, ಕೋಲ, ಯಕ್ಷಗಾನ ಆಟ ಎಲ್ಲ ಮಾಡ್ತೇವೆ. ಜೊತೆಗೆ ಹಳೇ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸಿಕೊಡುವ ಕೆಲಸವೂ ಉಂಟು. ಯಕ್ಷಗಾನ ಕವಿ ಪಾರ್ತಿಸುಬ್ಬನ ಸೀಮೆ ಇದು. ಕುಂಬಳೆ, ಪೆರ್ಲ, ನೀರ್ಚಾಲು, ಮುಳ್ಳೇರಿಯ, ಎಲ್ಲಿ ಹೋದರೂ ಅಟ್ಟದಲ್ಲಿ ಒಂದು ಪೆಟ್ಟಿಗೆ ತಾಳಮದ್ದಳೆ ಕ್ಯಾಸೆಟ್ ಸಿಕ್ಕಿಯೇ ಸಿಗ್ತದೆ. ನಮ್ಮ ಮಳೆಗೆ ಅರ್ಧಕ್ಕರ್ಧ ಬೂಷ್ಟು ಹಿಡಿದಿರ್ತದೆ. 90 ನಿಮಿಷದ ಒಂದು ಕ್ಯಾಸೆಟ್ಟನ್ನು ಕುಗ್ಗಿಸದೆ ಇಳಿಸಿದರೆ ಸುಮಾರು 1 ಜಿಬಿ. ಹಾಗೆ ಸೇರಿ ಸೇರಿ ಕೆಲವು ಟಿಬಿ ಆಯ್ತು. ಇಟ್ಟದ್ದು ಅಮೆಜಾನಿನ ಎಸ್3 ಎಂಬ ಕ್ಲೌಡ್ ಸ್ಟೋರೇಜಿನಲ್ಲಿ, ಮುಂಬೈ ರೀಜನ್, ಜಿಬಿಗೆ ತಿಂಗಳಿಗೆ ಸುಮಾರು ಎರಡೂವರೆ ಸೆಂಟ್. ಕೇಳುವಾಗ ಏನೂ ಅಲ್ಲ, ಟಿಬಿ ಲೆಕ್ಕದಲ್ಲಿ ತಿಂಗಳು ತಿಂಗಳು ಕಟ್ಟುವಾಗ ಗೊತ್ತಾಗ್ತದೆ.

ಪತ್ತನಾಜೆ (ಮೇ ಕೊನೆಗೆ ಆಟ, ಕೋಲ ಎಲ್ಲ ನಿಲ್ಲುವ ದಿನ) ಕಳೆದು ಕೆಲಸ ಕಡಿಮೆಯಾದ ಹೊತ್ತಿಗೆ ಇವರು ಬಂದರು. ಲ್ಯಾಪ್‌ಟಾಪ್ ತೆರೆದು ಒಂದು ಚಾರ್ಟ್ ತೋರಿಸಿದರು. ನೀವು ಮುಟ್ಟುವುದೇ ಬೇಡ, ಹಳೆಯದಾದ ಫೈಲು ತಾನಾಗಿ ಅಗ್ಗದ ಜಾಗಕ್ಕೆ ಹೋಗ್ತದೆ, ಬೇಡದ ಪ್ರೂಫ್ ಫೋಟೋ ತಾನಾಗಿ ಅಳಿಸಿ ಹೋಗ್ತದೆ. ಲೈಫ್‌ಸೈಕಲ್ ರೂಲ್ ಅಂತ ಹೆಸರು. ಅದು ಸುಳ್ಳಲ್ಲ, ಎಸ್3ಯಲ್ಲಿ ನಿಜವಾಗಿ ಉಂಟು, ಒಳ್ಳೆಯ ಸವಲತ್ತೇ. ಕಂಪನಿಯ ಮೇಲೆ ನನ್ನ ದೂರಿಲ್ಲ. ದೂರು ಅದನ್ನು ನನ್ನ ಫೈಲುಗಳ ಮೇಲೆ ಹಾಕಿದವರ ಮೇಲೆ.

ನಾನು ಬಾಯಿ ಬಿಟ್ಟೇ ಕೇಳಿದ್ದೆ, ವರ್ಶನಿಂಗ್ ಅಂತ ಒಂದು ಉಂಟಲ್ಲ, ಅಳಿಸಿದ ಫೈಲಿನ ಹಳೇ ಪ್ರತಿ ಉಳಿಸಿಡುವುದು, ಅದನ್ನು ಆನ್ ಮಾಡುವುದು ಬೇಡವಾ? "ಬೇಡ ಸಾರ್, ಬಿಲ್ಲು ಡಬ್ಬಲ್ ಆಗ್ತದೆ." ಹಾರ್ಡ್ ಡಿಸ್ಕಿನ ಪ್ರತಿ ಇಟ್ಟುಕೊಳ್ಳಲಾ ಎಂದೂ ಕೇಳಿದ್ದೆ. ಅದಕ್ಕೆ ನಗು! "ಎಂತ ಸಾರ್ ನೀವು, ಎಸ್3 ಅಂದ್ರೆ ಹನ್ನೊಂದು ಒಂಬತ್ತು. 99.999999999 ಪರ್ಸೆಂಟ್. ನಿಮ್ಮ ಹಾರ್ಡ್ ಡಿಸ್ಕಿಗೆ ಎಷ್ಟು ಒಂಬತ್ತು ಉಂಟು?" ನನ್ನ ಹುಡುಗರ ಎದುರಿಗೇ ಕೇಳಿದ್ದು. ಅವರೂ ನಕ್ಕರು. ಡಿಸ್ಕುಗಳನ್ನು ಫಾರ್ಮ್ಯಾಟ್ ಮಾಡಿ ಮುಂದಿನ ಮದುವೆಗಳಿಗೆ ಬಳಸಿ ಎಂದದ್ದೂ ಅವರೇ.

ಆ ಹನ್ನೊಂದು ಒಂಬತ್ತು ಯಾವುದಕ್ಕೆ ಗೊತ್ತುಂಟಾ? ಅವರ ಯಂತ್ರ ಕೆಟ್ಟು ನಿಮ್ಮ ಫೈಲು ಹಾಳಾಗದ ಹಾಗೆ. ನಿಮ್ಮ ಅಕೌಂಟಿನಿಂದಲೇ "ಅಳಿಸು" ಎಂದು ಹೇಳಿದರೆ ಹನ್ನೊಂದು ಒಂಬತ್ತಿನಷ್ಟೇ ಗ್ಯಾರಂಟಿಯಾಗಿ ಅಳಿಸ್ತದೆ. ಇದನ್ನು ಅವರು ಹೇಳಲಿಲ್ಲ.

ಮೊದಲ ರೂಲ್ ಹಾಕಿದರು. 30 ದಿನ ದಾಟಿದ್ದೆಲ್ಲ ಗ್ಲೇಸಿಯರ್ ಡೀಪ್ ಆರ್ಕೈವಿಗೆ, ಅಂದರೆ ಎಸ್3ಯ ಅತಿ ಅಗ್ಗದ ಜಾಗಕ್ಕೆ. ಆ ತಿಂಗಳ ಬಿಲ್ಲು ಅರ್ಧ ಆಗಲಿಲ್ಲ, ಜಾಸ್ತಿಯಾಯ್ತು. ಯಾಕೆ ಕೇಳಿದರೆ "ಒನ್ ಟೈಮ್ ಸಾರ್". ಒನ್ ಟೈಮ್ ಅಂದರೆ ಏನೆಂದು ಆಮೇಲೆ ಗೊತ್ತಾಯ್ತು. ಅಲ್ಲಿಗೆ ಸಾಗಿಸುವುದಕ್ಕೆ ಫೈಲಿನ ಲೆಕ್ಕದಲ್ಲಿ ಚಾರ್ಜ್, ಅಮೆರಿಕದ ದರದಲ್ಲೇ ಸಾವಿರ ಫೈಲಿಗೆ 5 ಸೆಂಟ್. ಮದುವೆಯ ಸಣ್ಣ ಸಣ್ಣ ಜೆಪೆಗ್ ಲಕ್ಷಗಟ್ಟಲೆ ಇದ್ದವು, ಎಲ್ಲವನ್ನೂ ಒಂದೊಂದಾಗಿ ಸಾಗಿಸಿದ್ದಾರೆ. ಸಾಲದ್ದಕ್ಕೆ ಪ್ರತಿ ಫೈಲಿನ ಬೆನ್ನಿಗೆ 40 ಕೆಬಿ ಹೆಚ್ಚುವರಿ ಲೆಕ್ಕ. ದೊಡ್ಡ ಆಡಿಯೋ ಫೈಲಿಗೆ ಲಾಭ, ಸಣ್ಣ ಫೋಟೋಗೆ ಆ ಲಾಭ ಕರಗಿ ಹೋಗ್ತದೆ. ಇಷ್ಟು ಗೊತ್ತಿಲ್ಲದವರು ಆಟೊಮೇಷನ್ ಮಾಡ್ಲಿಕ್ಕೆ ಯಾಕೆ ಬರಬೇಕು?

ಅಲ್ಲಿಗೇ ಮುಗಿದಿದ್ದರೆ ಹೋಗಲಿ ಎನ್ನುತ್ತಿದ್ದೆ. ತಾಳಮದ್ದಳೆಯಲ್ಲಿ ಪಾತ್ರವಾಗಿ ಮಾತಾಡುವ, ಪೆರ್ಲ ಕಡೆಯ ಹಿರಿಯ ಅರ್ಥಧಾರಿಯೊಬ್ಬರ ಸಂಸ್ಮರಣೆ ಇತ್ತು. ಅವರ ಮಗ ಫೋನ್ ಮಾಡಿದರು. "ಅಣ್ಣ, ಅಪ್ಪಯ್ಯನ ವಾಲಿಯ ಅರ್ಥ ನಿಮ್ಮ ಹತ್ರ ಉಂಟಲ್ಲ, ನಾಳೆ ಸಭೆಯಲ್ಲಿ ಒಂದು ಐದು ನಿಮಿಷ ಕೇಳಿಸುವ." ಉಂಟು, ಈಗಲೇ ಕಳಿಸ್ತೇನೆ ಎಂದೆ. ಕಳಿಸ್ಲಿಕ್ಕೆ ಹೋದರೆ ಫೈಲಿನ ಹೆಸರು ಕಾಣ್ತದೆ, ತೆರೆಯುವುದಿಲ್ಲ. ಡೀಪ್ ಆರ್ಕೈವಿನಿಂದ ಹೊರಗೆ ತರಬೇಕಾದರೆ ಮೊದಲು ಅರ್ಜಿ ಹಾಕಬೇಕು, ಸ್ಟ್ಯಾಂಡರ್ಡ್ ಆದರೆ 12 ಗಂಟೆಯೊಳಗೆ, ಬಲ್ಕ್ ಆದರೆ 48 ಗಂಟೆಯವರೆಗೂ. ಪಾರ್ಟಿಗೆ ಫೋನ್ ಮಾಡಿದೆ. "ಆಗ್ತದೆ ಸಾರ್, ಹಾಕಿದ್ದೇವೆ." ಹಾಕಿದ್ದು ಬಲ್ಕ್! ನಾಲ್ಕು ಕಾಸು ಉಳಿಸ್ಲಿಕ್ಕೆ ಬಲ್ಕ್! ಸಭೆಯಲ್ಲಿ ಮೈಕಿನವರು "ಈಗ ಅವರದ್ದೇ ಧ್ವನಿ" ಎಂದು ಹೇಳಿಯೂ ಆಗಿತ್ತು. ನಾನು ಹಿಂದಿನ ಸಾಲಿನಲ್ಲಿ ಫೋನ್ ಒತ್ತುತ್ತಾ ನಿಂತಿದ್ದೆ. ಮುಂದಿನ ಭಾಷಣ ಶುರುವಾಯ್ತು. ಆ ಮನೆಯ ಅಮ್ಮ ತಿರುಗಿ ನನ್ನನ್ನು ನೋಡಿದರು, ಏನೂ ಹೇಳಲಿಲ್ಲ.

ಆ ಬಗ್ಗೆ ಕೇಳಿದ್ದಕ್ಕೆ ಬಂದ ಉತ್ತರ ಇದು, ವಾಟ್ಸಾಪಿನಲ್ಲಿ ಈಗಲೂ ಉಂಟು: "ಸರ್ ಕೋಲ್ಡ್ ಸ್ಟೋರೇಜ್ ಅಂದರೆ ಹಾಗೆಯೇ. ನಿಮ್ಮ ಯೂಸ್ ಕೇಸ್ ನೀವು ಮೊದಲೇ ಹೇಳಬೇಕಿತ್ತು." ಕ್ಯಾಸೆಟ್ ಇಳಿಸುವುದು ಜನ ಕೇಳ್ಲಿಕ್ಕೆ ಅಲ್ಲದೆ ಮತ್ತೆಂತಕ್ಕೆ ಮಾರಾಯ್ರೆ?

ಇನ್ನು ನಿಜವಾದ ವಿಷಯ. ಎರಡನೆಯ ರೂಲ್.

ಗಿರಾಕಿಗಳು ಆಯ್ಕೆ ಮಾಡಿ ಆದಮೇಲೆ ಬೇಡವಾಗುವ ಫೋಟೋಗಳು "ಪ್ರೂಫ್" ಎಂಬ ಫೋಲ್ಡರಿನಲ್ಲಿ ಇರ್ತಾವೆ. ಅದು ಮಾತ್ರ 60 ದಿನಕ್ಕೆ ಅಳಿಸಬೇಕು, ಇಷ್ಟೇ ಮಾತಾದದ್ದು. ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) "ಸೆಕೆಂಡ್ ಫೇಸ್ ಡನ್ ಸಾರ್, ಬ್ಯಾಲೆನ್ಸ್ ಪೇಮೆಂಟ್ ಮಾಡಿ" ಅಂತ ಮೆಸೇಜ್. ಗೂಗಲ್ ಪೇ ಮಾಡಿದೆ. ಕೆಲವು ದಿನ ಕಳೆದು ನೀರ್ಚಾಲಿನ ಒಬ್ಬರಿಗೆ ಆಲ್ಬಮ್ ಮಾಡ್ಲಿಕ್ಕೆ ಕೂತರೆ ಬಕೆಟ್ (ಎಸ್3ಯಲ್ಲಿ ನಮ್ಮ ಫೈಲುಗಳೆಲ್ಲ ಇರುವ ಡಬ್ಬ) ಖಾಲಿ. ದೀಪಾವಳಿಯಿಂದ ಪತ್ತನಾಜೆವರೆಗಿನ ಇಡೀ ಸೀಸನ್ ಇಲ್ಲ. ಕ್ಯಾಸೆಟ್ಟುಗಳಿಂದ ಇಳಿಸಿದ್ದು ಇಲ್ಲ. ಉಳಿದದ್ದು ಮಳೆಗಾಲದಲ್ಲಿ ತೆಗೆದ ಪಾಸ್‌ಪೋರ್ಟ್ ಸೈಜ್ ಫೋಟೋ, ಒಂದು ನಾಮಕರಣ.

ಬೊಬ್ಬೆ ಹಾಕಿದೆ. ಅವರು ತಣ್ಣಗೆ, "ಸರ್ ನಿಮ್ಮ ಸ್ಟಾಫ್ ಯಾರಾದರೂ ಡಿಲೀಟ್ ಮಾಡಿರಬಹುದು, ನಾವು ಕ್ಲೌಡ್‌ಟ್ರೈಲ್ ನೋಡಿದ್ದೇವೆ, ನಮ್ಮ ಯೂಸರಿನಿಂದ ಒಂದು ಡಿಲೀಟ್ ಕೂಡ ಇಲ್ಲ." ಕ್ಲೌಡ್‌ಟ್ರೈಲ್ ಅಂದರೆ ಅಕೌಂಟಿನಲ್ಲಿ ಯಾರು ಏನು ಮಾಡಿದರು ಎಂಬ ದಾಖಲೆ. ಕೇಳಿ, ಎಷ್ಟು ಧೈರ್ಯ! ನನ್ನ ಹತ್ರ ಪಿಯುಸಿಯಿಂದ ಕೆಲಸಕ್ಕೆ ಇರುವ ಹುಡುಗನ ಮೇಲೆ ಗೂಬೆ ಕೂರಿಸಿದರು. ಅವನು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ತಂಗಿಯ ಮಗಳು ಬೆಂಗಳೂರಿನಲ್ಲಿ ಇದೇ ಕೆಲಸದಲ್ಲಿ ಇರುವವಳು. ಅವಳು ಅಕೌಂಟ್ ತೆರೆದು ನೋಡಿ ಹೇಳಿದ್ದು ಒಂದೇ ಮಾತು. "ಮಾವ, ಈ ರೂಲಿಗೆ ಪ್ರಿಫಿಕ್ಸೇ ಇಲ್ಲ." ಪ್ರಿಫಿಕ್ಸ್ ಅಂದರೆ ಯಾವ ಫೋಲ್ಡರಿಗೆ ಅನ್ವಯ ಎಂದು ಬರೆಯುವ ಜಾಗ. ಅದು ಖಾಲಿ ಇದ್ದರೆ ಇಡೀ ಬಕೆಟ್ಟಿಗೆ ಅನ್ವಯ. ಹೊಸ ಫೈಲಿಗೆ ಮಾತ್ರವೂ ಅಲ್ಲ, ಮೊದಲೇ ಇದ್ದ ಫೈಲುಗಳಿಗೂ, ಹುಟ್ಟಿದ ದಿನದಿಂದ ಲೆಕ್ಕ. ಯುಟಿಸಿ ಮಧ್ಯರಾತ್ರಿಯ ಲೆಕ್ಕದಲ್ಲಿ ದಿನಕ್ಕೊಮ್ಮೆ ಓಡ್ತದೆ, ನಮಗೆ ಬೆಳಗಿನ 5.30. ನಾನು ಹಾಲು ತರ್ಲಿಕ್ಕೆ ಹೋಗುವ ಹೊತ್ತು.

ಮತ್ತೆ ಕೇಳಿ, ಇದು ಮುಖ್ಯ. ಕನ್ಸೋಲಿನಲ್ಲಿ, ಅಂದರೆ ಎಸ್3ಯ ಸೆಟ್ಟಿಂಗ್ ಮಾಡುವ ಪುಟದಲ್ಲಿ, ಇಡೀ ಬಕೆಟ್ಟಿಗೆ ರೂಲ್ ಹಾಕಬೇಕಾದರೆ ಒಂದು ಚೌಕ ಬರ್ತದೆ. "ಈ ರೂಲ್ ಬಕೆಟ್ಟಿನ ಎಲ್ಲ ಫೈಲುಗಳಿಗೂ ಅನ್ವಯಿಸುತ್ತದೆ ಎಂದು ನಾನು ಒಪ್ಪುತ್ತೇನೆ" ಎಂಬರ್ಥದ ಇಂಗ್ಲಿಷ್ ವಾಕ್ಯ. ಅದಕ್ಕೆ ಟಿಕ್ ಹಾಕದೆ ಮುಂದೆ ಹೋಗ್ಲಿಕ್ಕೆ ಆಗುವುದಿಲ್ಲ. ಅವಳು ಅದನ್ನು ಖಾಲಿ ಬಕೆಟ್ಟಿನಲ್ಲಿ ನನಗೆ ಮಾಡಿ ತೋರಿಸಿದಳು. ಅಂದರೆ ಯಾರೋ ಒಬ್ಬ ಆ ಸಾಲಿನ ಎದುರು ಕೂತು, ನನ್ನ ಜನರ ಧ್ವನಿ ಎಲ್ಲ ಇರುವ ಬಕೆಟ್ಟಿಗೆ, ಒಪ್ಪಿದ್ದೇನೆ ಎಂದು ಟಿಕ್ ಹಾಕಿದ್ದಾನೆ. ಒಪ್ಪಿದವನು ಯಾರು? ನನ್ನ ಪರವಾಗಿ ಒಪ್ಪಲಿಕ್ಕೆ ಅವನು ಯಾರು? ಮೋಸ ಹೋದೆ ಎಂದು ನನಗೆ ಮೈಯೆಲ್ಲ ಉರಿದದ್ದು ಆ ಚೌಕ ನೋಡಿದಾಗ.

ಕ್ಲೌಡ್‌ಟ್ರೈಲಿನ ಸಬೂಬೂ ಬಿದ್ದು ಹೋಯ್ತು. ಲೈಫ್‌ಸೈಕಲ್ ರೂಲ್ ಅಳಿಸುವ ಫೈಲುಗಳು ಅದರಲ್ಲಿ ಬರುವುದೇ ಇಲ್ಲ, ಸರ್ವರ್ ಆಕ್ಸೆಸ್ ಲಾಗ್ ಆನ್ ಇದ್ದರೆ ಅಲ್ಲಿ ಬೇರೆ ಹೆಸರಿನಲ್ಲಿ ಕಾಣ್ತದೆ. ಅದನ್ನು ಇವರು ಆನ್ ಮಾಡಿಸಿಯೇ ಇರಲಿಲ್ಲ. ಆದರೆ ರೂಲ್ ಹಾಕಿದ್ದು ಯಾರು ಎಂಬುದು ಅದೇ ಕ್ಲೌಡ್‌ಟ್ರೈಲಿನ ಇವೆಂಟ್ ಹಿಸ್ಟರಿಯಲ್ಲಿ 90 ದಿನ ಇರ್ತದೆ. ಪುಟ್‌ಬಕೆಟ್‌ಲೈಫ್‌ಸೈಕಲ್ ಎಂದು ಹುಡುಕಿದಳು. ದಿನ, ಗಂಟೆ, ಅವರದೇ ಯೂಸರ್ ಹೆಸರು. ಸ್ಕ್ರೀನ್‌ಶಾಟ್ ತೆಗೆದು ಕಳಿಸಿದೆ. ನೀಲಿ ಟಿಕ್ ಬಿತ್ತು, ಒಂದು ರಾತ್ರಿ ಉತ್ತರ ಇಲ್ಲ.

ಮರುದಿನ ದನಿಯೇ ಬೇರೆ. "ಸರ್ ಟೆನ್ಶನ್ ಬೇಡ, ಡಾಟಾ ರಿಕವರಿ ನಾವೇ ಮಾಡಿಕೊಡ್ತೇವೆ. ನಮ್ಮ ಸ್ಪೆಷಲ್ ಟೀಮ್ ಉಂಟು. 25,000 ಆಗ್ತದೆ, ನಿಮಗಾಗಿ 18,000. ಅರ್ಧ ಅಡ್ವಾನ್ಸ್." ಮಂಡೆ ಬಿಸಿಯಲ್ಲಿ ಆ ಅರ್ಧವನ್ನೂ ಕಳಿಸಿದೆ, ಅರ್ಥಧಾರಿಯ ಮನೆಯವರ ಮುಖ ನೆನಪಾಗಿ. ವರ್ಶನಿಂಗ್ ಇಲ್ಲದ ಬಕೆಟ್ಟಿನಲ್ಲಿ ಅಳಿಸಿದ್ದು ಅಳಿಸಿದ್ದೇ. ಬೇರೆ ಪ್ರತಿ ಇಲ್ಲದಿದ್ದರೆ ಯಾವ ಸ್ಪೆಷಲ್ ಟೀಮಿನಿಂದಲೂ ಬರುವುದಿಲ್ಲ, ಅಮೆಜಾನಿನವರಿಂದಲೂ ಬರುವುದಿಲ್ಲ. ಗೊತ್ತಿದ್ದೂ ದುಡ್ಡು ತೆಗೊಂಡರು. ಮೊದಲಿನದ್ದು ಬೇಜವಾಬ್ದಾರಿ ಎಂದಾದರೂ ಇಟ್ಟುಕೊಳ್ಳುವ, ಇದಕ್ಕೆ ಏನು ಹೇಳುವುದು? ಆಮೇಲೆ ಬಂದ ಉತ್ತರ: "ಟೀಮ್ ಟ್ರೈ ಮಾಡಿದೆ ಸರ್, ಟ್ರೈ ಮಾಡಿದ್ದಕ್ಕೆ ಚಾರ್ಜ್ ಉಂಟು."

ಇನ್ನೊಂದು ತಮಾಷೆ. ಡೀಪ್ ಆರ್ಕೈವಿನಲ್ಲಿ ಇಟ್ಟದ್ದಕ್ಕೆ ಕನಿಷ್ಠ 180 ದಿನದ ಬಾಡಿಗೆ ಕಟ್ಟಬೇಕು, ಮೊದಲೇ ಅಳಿಸಿದರೆ ಉಳಿದ ದಿನದ್ದೂ ಬಿಲ್ಲಿಗೆ ಬರ್ತದೆ. ಬಂತು. ಮೊತ್ತ ದೊಡ್ಡದಲ್ಲ. ಆದರೆ ಮನೆ ಕೆಡವಿದ ಮೇಲೂ ಬಾಡಿಗೆ ಕಟ್ಟಿದ ಹಾಗೆ, ಇಲ್ಲದ ಫೈಲಿನ ಸಾಲು ಬಿಲ್ಲಿನಲ್ಲಿ ನೋಡುವಾಗ ಹೊಟ್ಟೆ ಉರಿಯುವುದಿಲ್ಲವಾ?

ದೂರು ಕೊಡ್ತೇನೆ ಎಂದದ್ದಕ್ಕೆ, "ನೀವು ಕೇರಳ, ನಾವು ಕರ್ನಾಟಕ, ಕೇಸ್ ಹಾಕುವುದಾದರೆ ಮಂಗಳೂರಿಗೆ ಬನ್ನಿ" ಎಂದರು. ಗಡಿಯವರನ್ನು ಹೆದರಿಸ್ಲಿಕ್ಕೆ ಈ ಮಾತು ಎಲ್ಲರೂ ಹೇಳ್ತಾರೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದೂರುದಾರ ವಾಸ ಇರುವ ಅಥವಾ ದುಡಿಯುವ ಊರಿನಲ್ಲೇ ಕೇಸ್ ಹಾಕಬಹುದು. ನಮ್ಮ ಜಿಲ್ಲಾ ಗ್ರಾಹಕ ಆಯೋಗ ಸಾಕು. ವ್ಯಾಪಾರಕ್ಕೆ ತೆಗೊಂಡ ಸೇವೆ ಎಂದು ಅವರು ತಕರಾರು ತೆಗೆದಾರು, ಸ್ವಂತ ದುಡಿಮೆಯ ಹೊಟ್ಟೆಪಾಡಿಗೆ ಎಂದಾದರೆ ಅದಕ್ಕೆ ವಿನಾಯಿತಿ ಉಂಟು. ಗ್ರಾಹಕ ಸಹಾಯವಾಣಿ 1915. ಕಾಗದ ಪತ್ರ ಮಲಯಾಳದಲ್ಲಿ ಬಂದರೆ ಕನ್ನಡದಲ್ಲಿ ಕೊಡಿ ಎಂದು ಕೇಳಿ, ಕೇಳದಿದ್ದರೆ ಯಾರೂ ಕೊಡುವುದಿಲ್ಲ, ಅದು ಬೇರೆಯೇ ಕತೆ.

ನಾನು ಹೇಳುವುದು ಇಷ್ಟು. ರೂಲ್ ಹಾಕುವವರು ಅದನ್ನು ನಿಮ್ಮ ಎದುರು ತೆರೆದು ತೋರಿಸ್ಲಿ, ಪ್ರಿಫಿಕ್ಸ್ ಓದಿ ಹೇಳ್ಲಿ. ತೋರಿಸದವರಿಗೆ ಚಹಾ ಕೂಡ ಕೊಡಬೇಡಿ. ವರ್ಶನಿಂಗ್ ಆನ್ ಇರಲಿ, ಆಗ ರೂಲ್ ಫೈಲನ್ನು ಅಳಿಸಿದರೂ ಹಳೆಯ ಪ್ರತಿ ಒಳಗೆ ಇರ್ತದೆ, ಆ ಹಳೆಯ ಪ್ರತಿಗಳಿಗೆ ಬೇಕಾದರೆ ಬೇರೆ ದಿನಲೆಕ್ಕ ಹಾಕಿ. ಅಳಿಸುವ ರೂಲನ್ನು ಮೊದಲು ನಾಲ್ಕು ಬೇಡದ ಫೈಲಿನ ಮೇಲೆ ನೋಡಿ. ಪೂರ್ತಿ ಅಡ್ಮಿನ್ ಅಧಿಕಾರ ಯಾರಿಗೂ ಬೇಡ. ಮತ್ತೆ ಹಾರ್ಡ್ ಡಿಸ್ಕ್, ಯಾರು ನಕ್ಕರೂ ನಗಲಿ.

ಈಗ ಒಂದು ವಿನಂತಿ. ಹೋದ ಸೀಸನ್ನಿನಲ್ಲಿ ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಎಡನೀರು ಕಡೆ ತಾಳಮದ್ದಳೆ ಅಥವಾ ಆಟ ಯಾರಾದರೂ ಮೊಬೈಲಿನಲ್ಲಿ ಹಿಡಿದಿದ್ದರೆ, ಎಷ್ಟು ಕೆಟ್ಟದಾಗಿ ಬಂದಿದ್ದರೂ ಸರಿ, ಅಳಿಸಬೇಡಿ, ನನಗೆ ಕಳಿಸಿ. ನನ್ನಿಂದ ಕ್ಯಾಸೆಟ್ ವಾಪಸ್ ತೆಗೊಂಡು ಹೋದ ಮನೆಯವರು ಅದನ್ನು ಎಸೆಯಬೇಡಿ, ಬೂಷ್ಟು ಬಂದಿದ್ದರೂ ತನ್ನಿ, ಪುನಃ ದುಡ್ಡಿಲ್ಲದೆ ಇಳಿಸಿಕೊಡ್ತೇನೆ. ಪಾರ್ಟಿಯ ಹೆಸರು ಬೇಕಾದವರು ಸ್ಟುಡಿಯೋಗೆ ಬನ್ನಿ, ಮೆಸೇಜುಗಳನ್ನೇ ತೋರಿಸ್ತೇನೆ.